ಅದೇ ದಿನ ಕೈಗೆ ಕೊಡಲಾಗಿದೆ

ಸುಳ್ಳು ಬರೆದುಕೊಟ್ಟವಳು ನಾನು. ಪ್ರೆಸಿಲ್ಲಾಳ ಹೆಸರಿಗೆ ಊರಿನ ಕೋರ್ಟಿನಿಂದ ಬಂದ ವಿಚ್ಛೇದನದ ಸಮನ್ಸ್ ಅವಳ ಕೈ ಸೇರಲೇ ಇಲ್ಲ. ಅದು ನನ್ನ ಕೈಗೆ ಬಂತು, ನಾನು ಅದನ್ನು ಬೇರೊಬ್ಬನಿಗೆ ಕೊಟ್ಟೆ. ಆಮೇಲೆ ನಮ್ಮ ಕ್ಲಿನಿಕ್ಕಿನ ಲೆಟರ್‌ಹೆಡ್ಡಿನ ಮೇಲೆ, ‘ಸದರಿ ಲಕೋಟೆಯನ್ನು ಅದೇ ದಿನ ಸಂಬಂಧಪಟ್ಟವರ ಕೈಗೆ ಕೊಡಲಾಗಿದೆ’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದೂ ನಾನೇ. ಆ ಒಂದು ವಾಕ್ಯದ ಬಲದ ಮೇಲೆ ಅವಳು ಸೋತಳು. ಐದು ವರ್ಷ ಬಾಯಿ ಹೊಲಿದುಕೊಂಡು ಕೂತಿದ್ದೆಯಾ ಎಂದು ನೀವು ಕೇಳಬಹುದು — ಕೇಳಿ. ಕೂತಿದ್ದೆ.

ಕತಾರಿನ ಬದುಕು ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ನಮ್ಮಂಥವರ ಮನೆ ಬಾಗಿಲಿಗೆ ಇಲ್ಲಿ ಅಂಚೆಯವರು ಬರುವುದು ಕಡಿಮೆ. ಮನೆಯೆಂದರೆ ಒಂದು ವಿಲ್ಲಾವನ್ನು ಎಂಟು ಪಾಲು ಮಾಡಿದ್ದರಲ್ಲಿ ಒಂದು ಕೋಣೆ, ಅದೂ ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ. ಹಾಗಾಗಿ ಬ್ಯಾಂಕಿರಲಿ, ಚರ್ಚಿನ ಪತ್ರವಿರಲಿ, ಊರಿನ ಮದುವೆ ಕರೆಯೋಲೆಯಿರಲಿ, ಎಲ್ಲರೂ ಕೊಡುವ ವಿಳಾಸ ಕೆಲಸ ಮಾಡುವ ಕಂಪೆನಿಯ ಪೋಸ್ಟ್ ಬಾಕ್ಸ್. ಉಮ್ಮ್ ಸಲಾಲಿನ ನಮ್ಮ ಕ್ಲಿನಿಕ್ಕಿನಲ್ಲಿ ರಿಸೆಪ್ಶನ್ ಮತ್ತು ಕಾಗದಪತ್ರ ನನ್ನ ಕೆಲಸ. ನಲವತ್ತು ಜನರಿಗೆ ಬಂದದ್ದಕ್ಕೆಲ್ಲ ಸಹಿ ಹಾಕುತ್ತಿದ್ದವಳು ನಾನೊಬ್ಬಳೇ — ಅವರ ಪರವಾಗಿ, ಅವರನ್ನು ಕೇಳದೆ. ಅದರಲ್ಲಿ ತಪ್ಪಿದೆ ಎಂದು ಯಾರಿಗೂ ಅನಿಸಿರಲಿಲ್ಲ.

ಪ್ರೆಸಿಲ್ಲಾ ಲ್ಯಾಬ್ ಟೆಕ್ನೀಶಿಯನ್. ಅವಳದು ತುಳು ಮಾತಾಡುವ ಪ್ರೊಟೆಸ್ಟೆಂಟ್ ಮನೆ, ನಾನು ಕೊಂಕಣಿಯ ಕ್ಯಾಥೊಲಿಕಳು. ನಮ್ಮಿಬ್ಬರ ನಡುವೆ ಕನ್ನಡ. ಗಂಡ ರೋಶನ್, ಏಳು ವರ್ಷದ ಮಗಳು ಅನಿಶಾ, ಅತ್ತೆ ಊರಲ್ಲಿ. ಇವಳು ಇಲ್ಲಿ ಅಲ್ ಅಜೀಜಿಯಾದಲ್ಲಿ ಇನ್ನಿಬ್ಬರು ನರ್ಸುಗಳ ಜೊತೆ. ಮಧ್ಯಾಹ್ನ ಊಟದ ಹೊತ್ತಿಗೆ ದಿನಾ ಮಗಳಿಗೆ ವಿಡಿಯೋದಲ್ಲಿ ಮಗ್ಗಿ ಹೇಳಿಸುತ್ತಿದ್ದಳು. ನನಗೆ ಅವಳ ಮೇಲೆ ಅಂಥ ಪ್ರೀತಿ ಏನೂ ಇರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಯಾರಿಗೂ ತಗ್ಗದ ಹೆಂಗಸು. ನಾನು ಎಲ್ಲರಿಗೂ ‘ಎಸ್ ಸರ್’ ಅನ್ನುವವಳು. ಅವಳು ಮ್ಯಾನೇಜರನ ಎದುರು ‘ಓವರ್‌ಟೈಮ್ ಮಾಫಿ’, ಅಂದರೆ ಇಲ್ಲವೇ ಇಲ್ಲ, ಎಂದು ನಗುತ್ತಾ ಬ್ಯಾಗ್ ಎತ್ತಿಕೊಂಡು ಹೋದಾಗ ನನಗಾದದ್ದು ಹೊಟ್ಟೆಕಿಚ್ಚೇ, ಬೇರೆ ಹೆಸರು ಯಾಕೆ ಕೊಡಲಿ.

ಲಕೋಟೆ ಬಂದಾಗ ಅವಳು ಪಾಳಿ ಮುಗಿಸಿ ಹೋಗಿಯಾಗಿತ್ತು. ಕೊರಿಯರ್‌ನವನು ಮೆಶೀನ್ ಚಾಚಿದ, ನಾನು ಬೆರಳಲ್ಲಿ ಗೀಚಿದೆ. ಒಂದು ಗಂಟೆಯೂ ಆಗಿರಲಿಲ್ಲ, ವಿಲ್ಫ್ರೆಡ್ ಫೋನ್ ಮಾಡಿದ. ವಿಲ್ಫ್ರೆಡ್ ಎಂದರೆ ರೋಶನ್‌ನ ದೊಡ್ಡಪ್ಪನ ಮಗ, ವೆಸ್ಟ್ ಬೇಯ ಒಂದು ಆಫೀಸಿನಲ್ಲಿ ಎಚ್.ಆರ್. ಮ್ಯಾನೇಜರ್, ಶುಕ್ರವಾರದ ಪ್ರಾರ್ಥನಾ ಕೂಟದಲ್ಲಿ ಮೈಕ್ ಹಿಡಿಯುವವನು. ನನ್ನ ಗಂಡನಿಗೆ ಕೆಲಸ ಕೊಡಿಸಿದವನೂ ಅವನೇ, ಅವನದೇ ಕಂಪೆನಿಯಲ್ಲಿ.

“ಐರಿನ್, ಪ್ರೆಸಿಲ್ಲಾಗೆ ಒಂದು ಕವರ್ ಬಂದಿರ್ಬೇಕಲ್ಲ? ಅದು ಸುಮ್ನೆ ಹೆದರಿಸ್ಲಿಕ್ಕೆ ಕಳಿಸಿದ್ದು. ಹಿರಿಯರೆಲ್ಲ ರಾಜಿ ಮಾಡಿಸ್ತಾ ಇದ್ದಾರೆ. ಅವಳು ನೋಡಿದ್ರೆ ರಂಪ ಮಾಡ್ತಾಳೆ, ಆಗ್ತಾ ಇದ್ದದ್ದೂ ಹಾಳಾಗ್ತದೆ. ನಾನೇ ಸಮಾಧಾನದಲ್ಲಿ ಹೇಳಿ ಕೊಡ್ತೇನೆ, ಆಯ್ತಾ?”

ಸಂಜೆ ಬಂದು ತೆಗೆದುಕೊಂಡು ಹೋದ. ಲಕೋಟೆಯ ಮೇಲೆ ಕೋರ್ಟಿನ ಮುದ್ರೆ ಕಾಣುತ್ತಿತ್ತು. ನಾನು ಕುರುಡಿಯಲ್ಲ. ಅವನ ರಾಜಿಯ ಮಾತನ್ನು ನಾನು ನಂಬಿದ್ದೆನೇ? ಅರ್ಧ ನಂಬಿದ್ದೆ. ಇನ್ನರ್ಧ — ಸ್ವಲ್ಪ ತಗ್ಗಲಿ ಇವಳು, ಗಂಡ ಹೆದರಿಸಿದರೆ ಹೆದರಲಿ ಎಂದುಕೊಂಡೆ. ಮರುದಿನ ಪ್ರೆಸಿಲ್ಲಾ ಬಂದಾಗ, ಕೂಟದಲ್ಲಿ ಪ್ರಾರ್ಥನೆ ಹೇಳುವ ಮನುಷ್ಯ ಕೊಟ್ಟೇ ಕೊಡುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡು ಫೈಲು ತಿರುವಿದೆ. ಅವನು ಕೊಡಲಿಲ್ಲ. ನಾನೂ ಕೇಳಲಿಲ್ಲ.

ಮುಂದಿನ ವರ್ಷ ಅವಳು ರಜೆಯಲ್ಲಿ ಊರಿಗೆ ಹೋದಳು. ಅಲ್ಲಿಯವರೆಗೆ ಫೋನಿನಲ್ಲಿ ಮನೆಯವರು ಯಾರೂ ಅವಳಿಗೆ ಸುಳಿವು ಕೊಟ್ಟಿರಲಿಲ್ಲ. ಮಗಳಿಗೆ ಶೂ, ಬಣ್ಣದ ಪೆನ್ಸಿಲು ಎಲ್ಲ ತುಂಬಿಸಿದ ಸೂಟ್‌ಕೇಸ್ ಹಿಡಿದು ಗೇಟಿನಲ್ಲಿ ನಿಂತಾಗ ಅತ್ತೆ ಚಿಲಕ ತೆಗೆಯಲಿಲ್ಲವಂತೆ. “ನಿನಗೆ ಇಲ್ಲಿ ಎಂತ ಕೆಲಸ? ಕೋರ್ಟಿನಲ್ಲಿ ಎಲ್ಲ ಮುಗಿದಿದೆಯಲ್ಲ” ಅಂದರಂತೆ. ತನಗೆ ವಿಚ್ಛೇದನ ಆಗಿದೆ ಎಂಬುದು ಅವಳಿಗೆ ಗೊತ್ತಾದದ್ದು ಹಾಗೆ, ನಡುಬೀದಿಯಲ್ಲಿ. ಸಮನ್ಸ್ ತಲುಪಿಯೂ ಹಾಜರಾಗಲಿಲ್ಲ ಎಂದು ಏಕಪಕ್ಷೀಯವಾಗಿ ತೀರ್ಪಾಗಿತ್ತು. ಗಂಡನನ್ನೂ ಮಗುವನ್ನೂ ತೊರೆದು ಹೋದವಳು ಎಂಬುದೇ ಕಾರಣ. ಮಗಳು ತಂದೆಯ ಬಳಿ.

ತೊರೆದು ಹೋದವಳಂತೆ. ವೀಸಾ ಬಂದಾಗ ಅವಳನ್ನು ಹಾರ ಹಾಕಿ ಏರ್‌ಪೋರ್ಟಿಗೆ ಬಿಟ್ಟವರು ಇವರೇ ಅಲ್ಲವೇ? ಆ ಮನೆಯ ಫ್ರಿಜ್ಜು, ಆ ಗಂಡಸು ತಿರುಗುವ ಕಾರು, ಆ ಅತ್ತೆಯ ಮೊಣಕಾಲಿನ ಆಪರೇಶನ್ ಎಲ್ಲ ಎಲ್ಲಿಂದ ಬಂತು? ದುಡಿಯಲು ಕಳಿಸುವಾಗ ಮನೆ ಬೆಳಗುವ ಸೊಸೆ, ಬೇಡವಾದಾಗ ಬಿಟ್ಟು ಓಡಿದವಳು. ಗಲ್ಫಿಗೆ ಹೋದ ಗಂಡಸನ್ನು ತೊರೆದು ಹೋದವನು ಎಂದು ಯಾರಾದರೂ ಕರೆದದ್ದುಂಟೇ? ಆದರೆ ನಾನು ಸಿಟ್ಟು ಮಾಡಿಕೊಳ್ಳಲು ಯಾವ ಮುಖ ಇಟ್ಟುಕೊಂಡಿದ್ದೇನೆ — ಆ ಮಾತನ್ನು ಕೋರ್ಟಿನಲ್ಲಿ ಸುಳ್ಳೆನ್ನುವ ಅವಕಾಶವನ್ನೇ ಅವಳಿಂದ ಕಿತ್ತುಕೊಂಡವಳು ನಾನಲ್ಲವೇ?

ವಾಪಸು ಬಂದ ದಿನವೇ ಅವಳು ನನ್ನ ಮೇಜಿನ ಎದುರು ನಿಂತಳು. ತೀರ್ಪು ರದ್ದು ಮಾಡಿಸಲು ವಕೀಲರು ಅರ್ಜಿ ಹಾಕಿದ್ದರು. ಸಮನ್ಸ್ ತನಗೆ ಸಿಗಲಿಲ್ಲ ಎಂದು ತೋರಿಸಬೇಕಿತ್ತು, ಅಷ್ಟೇ. ಕೊರಿಯರ್‌ನ ರಸೀದಿಯ ಫೋಟೋ ಮೊಬೈಲಿನಲ್ಲಿ ತೋರಿಸಿ ಕೇಳಿದಳು: “ಐರಿನಕ್ಕ, ಇದು ನಿಮ್ಮ ಸಹಿಯಾ?”

ಹಿಂದಿನ ದಿನವೇ ವಿಲ್ಫ್ರೆಡ್ ಫೋನ್ ಮಾಡಿದ್ದ. “ರೋಶನ್‌ನ ವಕೀಲರು ನಿಮ್ಮ ಕ್ಲಿನಿಕ್ಕಿಗೆ ಇಮೇಲ್ ಮಾಡ್ತಾರೆ. ಎರಡು ಲೈನ್ ಬರೆದು ಕೊಟ್ರೆ ಖಲಾಸ್. ಅಲ್ಲ, ನಿನ್ನ ಗಂಡನ ಕಾಂಟ್ರಾಕ್ಟ್ ರಿನ್ಯೂ ಆಗ್ಲಿಕ್ಕಿರುವುದು ಬರುವ ತಿಂಗಳಾ?” ಗದರಲಿಲ್ಲ, ಬೈಯಲಿಲ್ಲ. ಸುಖದುಃಖ ವಿಚಾರಿಸುವ ದನಿಯಲ್ಲೇ ಕೇಳಿದ.

ನಾನು ಅವಳ ಮುಖ ನೋಡಿ ಹೇಳಿದೆ: “ನಿನಗೇ ಕೊಟ್ಟಿದ್ದೆನಲ್ಲ ಮಾರಾಯ್ತಿ. ನೀನು ಮರೆತದ್ದಾ?”

ಅವಳು ಜಗಳಾಡಲಿಲ್ಲ. ಅದೇ ನನಗೆ ಇವತ್ತಿಗೂ — ಒಂದು ಕ್ಷಣ ಅವಳು ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದಳು. ನನ್ನ ಮಾತನ್ನು ನಂಬಿ ತನ್ನ ತಲೆಯನ್ನೇ ಸಂಶಯಪಟ್ಟಳು. ಆಮೇಲೆ ಅವಳಿಗೆ ಅರ್ಥವಾಯಿತು. “ಸರಿ ಅಕ್ಕ” ಎಂದು ಲ್ಯಾಬಿಗೆ ಹೋದಳು. ಮಧ್ಯಾಹ್ನ ಮ್ಯಾನೇಜರ್ ವಕೀಲರ ಇಮೇಲ್ ತೋರಿಸಿ “ಯಲ್ಲಾ, ಬೇಗ ಉತ್ತರ ಬರಿ” ಅಂದ. ಬರೆದೆ. ಅವನು ಓದದೆ ಸಹಿ ಹಾಕಿದ, ನಾನು ಸೀಲ್ ಒತ್ತಿದೆ. ಅರ್ಜಿ ವಜಾ ಆಯಿತು. ಗಂಡನ ಕಾಂಟ್ರಾಕ್ಟ್ ರಿನ್ಯೂ ಆಯಿತು. ಪ್ರೆಸಿಲ್ಲಾ ಬೇರೆ ಕ್ಲಿನಿಕ್ ಸೇರಿದಳು.

ಈ ವರ್ಷದ ರಜೆಯಲ್ಲಿ ಊರಿನ ಒಂದು ಮದುವೆ ಹಾಲ್‌ನಲ್ಲಿ ಅನಿಶಾಳನ್ನು ಕಂಡೆ. ಹದಿಮೂರು ವರ್ಷ, ಅಮ್ಮನದೇ ಎತ್ತರ, ಅಮ್ಮನದೇ ಗಲ್ಲ. ಯಾರೋ ನನ್ನನ್ನು ದೋಹಾದವರು ಎಂದು ಪರಿಚಯಿಸಿದರು. ಕ್ಲಿನಿಕ್ಕಿನ ಹೆಸರು ಕೇಳಿ ಹುಡುಗಿ ನನ್ನನ್ನು ನೇರ ನೋಡಿದಳು. ಅಮ್ಮ ಫೋನ್ ಮಾಡುತ್ತಾಳಾ ಮಗಾ ಎಂದು ಕೇಳಿದೆ — ಕೇಳಬಾರದಿತ್ತು, ಬಾಯಿ ಸುಮ್ಮನಿರಲಿಲ್ಲ.

“ನಾನು ಎತ್ತುವುದಿಲ್ಲ ಆಂಟಿ. ಅಮ್ಮನಿಗೆ ಕೋರ್ಟಿನ ಕಾಗದ ಸಿಕ್ಕಿತ್ತು. ನಾನು ಬೇಕು ಅಂತ ಇದ್ರೆ ಬರ್ತಿದ್ರಲ್ಲ? ಸಿಗ್ಲೇ ಇಲ್ಲ ಅಂತ ಸುಳ್ಳು ಹೇಳ್ತಾರೆ. ಅಪ್ಪನ ಹತ್ರ ನಿಮ್ಮ ಆಫೀಸಿನ ಲೆಟರ್ ಉಂಟು. ಸೀಲ್ ಎಲ್ಲ ಉಂಟು. ನಾನೇ ಓದಿದ್ದೇನೆ.”

ಕೋರ್ಟಿಗೆಂದು ಬರೆದ ಸುಳ್ಳನ್ನು ಒಂದು ಮಗು ಓದುತ್ತದೆ ಎಂದು ನಾನು ಎಣಿಸಿರಲಿಲ್ಲ. ಆ ರೋಶನ್ ಎಂಥ ಮನುಷ್ಯ — ಮಗಳ ಕೈಗೆ ಅದನ್ನು ಕೊಟ್ಟು ಓದು ಎಂದನಲ್ಲ. ಥೂ ಅವನ ಜನ್ಮಕ್ಕೆ. ಆದರೆ ಅವನು ಕೊಟ್ಟದ್ದು ನಾನು ಬರೆದದ್ದನ್ನೇ.

ದೋಹಾಕ್ಕೆ ಮರಳಿದ ವಾರವೇ ಗಂಡನಿಗೆ ಹೇಳಿದೆ. “ಈಗ ಹೇಳಿ ಎಂತ ಪ್ರಯೋಜನ? ಮಕ್ಕಳ ಸ್ಕೂಲ್ ನೋಡು” ಅಂದರು. ಆಮೇಲೆ ನನ್ನ ಜೊತೆ ಮಾತಿಲ್ಲ. ಊರಿನ ವಕೀಲರೊಬ್ಬರನ್ನು ಕೇಳಿದೆ. ತಡವಾಗಿದೆ, ಮೇಲಿನ ಕೋರ್ಟು ಒಪ್ಪುವುದು ಕಷ್ಟ, ಸುಳ್ಳು ಪತ್ರ ಕೊಟ್ಟದ್ದಕ್ಕೆ ನಿಮ್ಮ ಮೇಲೆಯೇ ಕೇಸಾಗಬಹುದು ಎಂದರು. ಆಗಲಿ. ವಿಲ್ಫ್ರೆಡ್‌ನ ಹೆಸರು, ನನ್ನ ಹೆಸರು, ಅವನ ಫೋನು, ನನ್ನ ಬಾಯಿಂದ ಬಂದ ಮಾತು ಎಲ್ಲವನ್ನೂ ಒಂದು ಹೇಳಿಕೆಯಾಗಿ ಬರೆದೆ. ರಾಯಭಾರ ಕಚೇರಿಯಲ್ಲಿ ದೃಢೀಕರಣ ಮಾಡಿಸಿಕೊಂಡು ಶುಕ್ರವಾರ ಅಲ್ ಅಜೀಜಿಯಾಕ್ಕೆ ಹೋದೆ.

ಪ್ರೆಸಿಲ್ಲಾ ಬಾಗಿಲಲ್ಲೇ ನಿಂತು ಹೇಳಿಕೆಯನ್ನು ಎರಡು ಸಲ ಓದಿದಳು. ಕೂದಲು ನರೆತಿತ್ತು. ನಾನು ಕ್ಷಮಿಸು ಎನ್ನಲಿಲ್ಲ. ಅವಳೂ ಬೈಯಲಿಲ್ಲ.

“ಕೋರ್ಟಿಗೆ ಆಮೇಲೆ ಕೊಡುವಾ,” ಅಂದಳು. “ಮೊದಲು ಮಗಳಿಗೆ ಹೇಳಿ. ನಿಮ್ಮ ಫೋನಿನಿಂದ ಮಾಡಿ, ನನ್ನ ನಂಬರ್ ಆದ್ರೆ ಅವಳು ಎತ್ತುವುದಿಲ್ಲ.”

ಅವಳ ಕೋಣೆಯ ಮಂಚದ ತುದಿಯಲ್ಲಿ ಕೂತು ಫೋನ್ ಮಾಡಿದೆ, ಸ್ಪೀಕರ್ ಹಾಕಿ. ಅನಿಶಾ ಎತ್ತಿದಳು. ನಾನು ಯಾರೆಂದು ಹೇಳಿದೆ. ಲಕೋಟೆಯನ್ನು ನಿನ್ನ ಅಮ್ಮನಿಗೆ ನಾನು ಕೊಡಲಿಲ್ಲ, ಕೊಟ್ಟೆ ಎಂದು ಸುಳ್ಳು ಬರೆದೆ, ನೀನು ಓದಿದ ಪತ್ರ ನನ್ನದು ಎಂದೆ. ಬೇಕೆಂದೇ ಬರೆದೆ ಎಂದೂ ಹೇಳಿದೆ. ಎದುರಿಗೆ ಪ್ರೆಸಿಲ್ಲಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಫೋನ್ ಕಟ್ಟಾಯಿತೋ ಎಂದು ನೋಡಿದೆ. ಆಗಿರಲಿಲ್ಲ.

“ನಾನು ಅಮ್ಮನಿಗೆ ಎಂತೆಂತ ಹೇಳಿದ್ದೇನೆ,” ಅಂದಿತು ಮಗು, “ನಿಮಗೆ ಗೊತ್ತುಂಟಾ?”