ಬಲಗೈ ಹೋದ ಮೇಲೆ

ಮೊದಲು ನೋವೇ ಗೊತ್ತಾಗಲಿಲ್ಲ. ದಿಮ್ಮಿ ಬಡಿದ ಸದ್ದು ಕೇಳಿತು. ಲಾರಿಯ ಹಲಗೆಗೂ ದಿಮ್ಮಿಗೂ ನಡುವೆ ಒಂದು ಕೈ ಸಿಕ್ಕಿಕೊಂಡಿತ್ತು.

ಅದು ನನ್ನ ಬಲಗೈ.

ಮಂಚಿಕೇರಿ ದಾರಿಯ ನಾಟಾ ಡಿಪೋದಲ್ಲಿ ನಾನು ಕ್ರೇನಿನ ಮೇಸ್ತ್ರಿ. ಕಾಡಿನಿಂದ ಬಂದ ಸಾಗವಾನಿ ದಿಮ್ಮಿಗಳನ್ನು ಕ್ರೇನಿನಿಂದ ಎತ್ತಿ ಲಾರಿಗೆ ಹೇರುವುದು ನಮ್ಮ ಕೆಲಸ. ಆಳುಗಳು ಕ್ರೇನಿನ ಹಿಡಿ ತಿರುಗಿಸುವರು. ದಿಮ್ಮಿ ಮೇಲೇರಿದಾಗ ಅದಕ್ಕೆ ಕೈಯಿಟ್ಟು, ತಳ್ಳಿ, ಲಾರಿಯೊಳಗೆ ಕೂರಿಸುವವನು ನಾನು. ಆ ದಿನ ದಿಮ್ಮಿಗೆ ಬಿಗಿದ ಸರಪಳಿಯ ಒಂದು ಕೊಂಡಿ ಬಾಯಿಬಿಟ್ಟಿತು.

ಆಳುಗಳು ಹಾರೆ ಹಾಕಿ ದಿಮ್ಮಿ ಸರಿಸಿದರು. ಲಾರಿಯ ಡ್ರೈವರ್ ಇಬ್ರಾಹಿಂ ಸಾಬರು ಹೆಗಲ ಮೇಲಿನ ವಸ್ತ್ರದಿಂದ ನನ್ನ ಮೊಣಕೈ ಮೇಲೆ ಬಿಗಿಯಾಗಿ ಕಟ್ಟಿದರು. ಯಲ್ಲಾಪುರದ ಮನೆಯಲ್ಲಿದ್ದ ನನ್ನ ಹೆಂಡತಿ ಪಾರ್ವತಿಯನ್ನು ಹತ್ತಿಸಿಕೊಂಡು ಹುಬ್ಬಳ್ಳಿಯ ಆಸ್ಪತ್ರೆಗೆ ಲಾರಿ ಓಡಿಸಿದರು.

"ಕಣ್ಣು ಮುಚ್ಬೇಡ ಮಾರಾಯ. ಎಂತಾದ್ರೂ ಮಾತಾಡ್ತಾ ಇರು," ಎಂದು ದಾರಿಯುದ್ದಕ್ಕೂ ಗದರಿಸುತ್ತಿದ್ದರು.

ಕೈ ಉಳಿಸಲು ಡಾಕ್ಟರು ಪ್ರಯತ್ನಪಟ್ಟರು. ದಿನವೂ ಡ್ರೆಸ್ಸಿಂಗ್. ಪ್ರತಿಸಲವೂ ಹಲ್ಲು ಕಚ್ಚಿಕೊಂಡೆ. ಆಮೇಲೆ ಜ್ವರ ಏರಿತು. ಬೆರಳುಗಳು ಕಪ್ಪಾದವು. ವಾಸನೆ ಬಂತು.

"ನೋಡ್ರಿ, ಗ್ಯಾಂಗ್ರೀನ್ ಆಗೇದ. ಕೈ ತೆಗೀಬೇಕು," ಎಂದರು ಡಾಕ್ಟರು.

ಪಾರ್ವತಿ ಕೇಳಿದಳು, "ತೆಗೀದೇ ಇದ್ರೆ?"

"ಜೀವದ ಭರವಸೆ ಕೊಡ್ಲಿಕ್ಕೆ ಆಗೂದಿಲ್ಲರಿ."

"ಹಂಗಾದ್ರೆ ತೆಗೀರಿ."

ನನ್ನ ಮುಖ ನೋಡದೆಯೇ ಹೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು. ಕೈ ನನ್ನದು, ದುಡಿಯುವವನು ನಾನು. ಇವಳು ಯಾರು ಹೇಳಲು? ಆದರೆ ಆ ವಾಸನೆ ನನ್ನ ಮೂಗಿಗೂ ಬಡಿಯುತ್ತಿತ್ತು. "ಆಯ್ತು," ಎಂದೆ. ಕ್ಲೋರೋಫಾರ್ಮ್ ಕೊಟ್ಟರು.

ಎಚ್ಚರವಾದಾಗ ಮೊಣಕೈಯಿಂದ ಕೆಳಗೆ ಏನೂ ಇರಲಿಲ್ಲ.

ಆದರೂ ಬೆರಳು ತುರಿಸುತ್ತಿತ್ತು! ಹೇಳಿದರೆ ಹುಚ್ಚನೆಂದಾರೆಂದು ಹೆದರಿದ್ದೆ. ಕೊನೆಗೆ ಹೇಳಿದಾಗ ಡಾಕ್ಟರು ನಕ್ಕು, "ನರಕ್ಕ ಇನ್ನೂ ಸುದ್ದಿ ಮುಟ್ಟಿಲ್ಲರಿ," ಎಂದರು. ನನಗೂ ನಗು ಬಂತು. ಬಹಳ ದಿನಗಳ ಮೇಲೆ ಬಂದ ನಗು. ಪಕ್ಕದಲ್ಲಿದ್ದ ಪಾರ್ವತಿ ಆಗ ಅತ್ತಳು. ಅಲ್ಲಿಯವರೆಗೆ ಅವಳು ಅತ್ತಿರಲಿಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು.

"ನೀ ಹೇಳಿದ್ದು ಸರಿ ಆಯ್ತು," ಎಂದೆ.

ಮನೆಗೆ ಬಂದ ಮೇಲೆ ಕಷ್ಟವಾದದ್ದು ನೋವಲ್ಲ, ಊಟ. ಎಡಗೈಯಲ್ಲಿ ಉಣ್ಣುವುದೆಂದರೆ ನಮ್ಮಲ್ಲಿ ಅಪಶಕುನಕ್ಕಿಂತಲೂ ಕಡೆ. ಅವ್ವ ದಿನವೂ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ನೋಡಲು ಬಂದ ನೆಂಟರ ಎದುರಿಗೂ ಮೀಸೆ ಹೊತ್ತ ನಾನು ಕೂಸಿನಂತೆ ಬಾಯಿ ತೆರೆಯಬೇಕು. ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. ಎಡಗೈ ಬಟ್ಟಲಿಗೆ ಹಾಕಿಯೇಬಿಟ್ಟೆ. ಅರ್ಧ ಅನ್ನ ನೆಲಕ್ಕೆ, ಸಾರು ಪಂಚೆಗೆ.

ಅವ್ವ ಬಟ್ಟಲನ್ನು ನನ್ನ ಎಡಕ್ಕೆ ಸರಿಸಿ, "ಉಣ್ಣು ಮಗಾ. ದೇವ್ರು ಉಳ್ಸಿದ ಕೈಲೇ ಉಣ್ಣು," ಎಂದಳು.

ಅಂದಿನಿಂದ ಬೇರೆ ಕೆಲಸಗಳಿಗೂ ಧೈರ್ಯ ಬಂತು. ಗುಂಡಿ ಹಾಕಲು ಕಲಿತೆ, ಬಾವಿಯ ಹಗ್ಗವನ್ನು ಮಂಡಿಯಲ್ಲಿ ಅದುಮಿಕೊಂಡು ನೀರು ಸೇದಲು ಕಲಿತೆ.

ಡಿಪೋದ ಸಾಹುಕಾರರು ಕರೆಸಿ, "ಗೇಟು ಕಾಯ್ಕೊಂಡು ಕೂತ್ಕೋ," ಎಂದರು.

"ಕೂರೂ ಕೆಲ್ಸ ಬೇಡ. ಕ್ರೇನು ಕೊಡಿ."

"ದಿಮ್ಮಿ ತಳ್ಳೂಕೆ ಕೈ ಬೇಕಲ್ಲ ಮಾರಾಯ?"

"ಇನ್ಮೇಲೆ ಯಾರೂ ಕೈ ಹಾಕೂದು ಬೇಡ. ದಿಮ್ಮಿಯ ಎರಡೂ ತುದಿಗೆ ಹಗ್ಗ ಕಟ್ಟಿ ದೂರದಿಂದ ಎಳೀಲಿ. ಸರಪಳಿ ನಾ ನೋಡಿದ ಮೇಲೇ ಎತ್ತಲಿ."

"ಹೊತ್ತು ಜಾಸ್ತಿ ಹಿಡೀತದೆ."

"ಹಿಡೀಲಿ."

ಅವರು ಸ್ವಲ್ಪ ಯೋಚಿಸಿ, ಮಾಡಿ ನೋಡು ಎಂದರು.

ಮೊದಲ ದಿಮ್ಮಿ ನೆಲ ಬಿಟ್ಟಾಗ ಮೋಟುಗೈ ತಾನಾಗಿ ಮುಂದೆ ಚಾಚಿಕೊಂಡಿತು. ನಾನು ಒಂದು ಹೆಜ್ಜೆ ಹಿಂದೆ ಸರಿದು ಕೂಗಿದೆ: "ಎಳೀರಿ! ಸಾವಕಾಶ!" ಹಗ್ಗ ಹಿಡಿದವರು ಎಳೆದರು. ದಿಮ್ಮಿ ಲಾರಿಯಲ್ಲಿ ಮೆತ್ತಗೆ ಕೂತಿತು. ಇಬ್ರಾಹಿಂ ಸಾಬರು ಮೆಚ್ಚಿ ತಲೆದೂಗಿದರು.

ಚಳಿ ಬಿದ್ದರೆ ಮೋಟುಗೈ ಈಗಲೂ ಸೆಳೆಯುತ್ತದೆ. ಪಾರ್ವತಿ ಎಣ್ಣೆ ಬಿಸಿಮಾಡಿ ತಿಕ್ಕುತ್ತಾಳೆ. ತಿಕ್ಕಿಸಿಕೊಂಡು ಡಿಪೋಕ್ಕೆ ಹೊರಡುತ್ತೇನೆ.