ಬಲ ತಿರುವಿನಲ್ಲಿ ಹಿಂದಿನ ಸೀಟು

ನಮ್ಮ ಯಜಮಾನರಿಗೆ ಭಾನುವಾರ ಎಂದರೆ ಘಟ್ಟ. ವಾರವೆಲ್ಲ ತರೀಕೆರೆಯ ಪೇಟೆಯಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿಯಲ್ಲಿ ಕೂತು ವಾಷರು, ಬೆಲ್ಟು ಮಾರುತ್ತಿದ್ದ ಮನುಷ್ಯ, ಭಾನುವಾರ ಬೆಳಿಗ್ಗೆ ಕಾಫಿ ಕುಡಿದವರೇ ಬೈಕು ಹತ್ತಿಬಿಡುತ್ತಿದ್ದರು. ಲಿಂಗದಹಳ್ಳಿ ದಾಟಿ, ಕೆಮ್ಮಣ್ಣುಗುಂಡಿಯ ತಿರುವುಗಳನ್ನೆಲ್ಲ ಹತ್ತಿ, ಇಳಿದು, ಮಧ್ಯಾಹ್ನದ ಊಟದ ಹೊತ್ತಿಗೆ ಹುಬ್ಬಿನ ತನಕ ಧೂಳು ಮೆತ್ತಿಸಿಕೊಂಡು ನಗುತ್ತಾ ಬರುತ್ತಿದ್ದರು. ಮೇಲೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ, "ಕೆಲಸ ಏನಿಲ್ಲ, ತಿರುವು ಐತೆ" ಎನ್ನುತ್ತಿದ್ದರು. ಇದು ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲದ ಮಾತು. ತಿರುವು ಇದೆ ಎಂದು ಪೆಟ್ರೋಲ್ ಸುಡುವವರನ್ನು ನಮ್ಮ ಕಡೆ ಆಗ ಹುಚ್ಚರು ಎನ್ನುತ್ತಿದ್ದರು.

ಜೋಡಿ ಸೈಲೆನ್ಸರಿನ ಟೂ-ಸ್ಟ್ರೋಕ್ ಬೈಕು ಅದು. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಮಡಚಿದರೆ ಗೇರು ಆಗುತ್ತಿತ್ತು. ಗಾಳಿಗೆ ಬಗ್ಗಿ ಓಡಿಸಬೇಕೆಂದು ಅವರು ಹ್ಯಾಂಡಲ್ಲನ್ನು ತಗ್ಗಿಸಿಕೊಂಡಿದ್ದರು. ನನ್ನನ್ನು ಮದುವೆಯಾದ ವಾರದಲ್ಲೇ ಹಿಂದಿನ ಚಕ್ರಕ್ಕೆ ಸೀರೆ ಗಾರ್ಡ್ ಹಾಕಿಸಿದರು, ಎಡಗಡೆ ಕಾಲಿಡಲು ಒಂದು ಪಟ್ಟಿಯನ್ನೂ ಕೂರಿಸಿದರು. ಅದನ್ನು ನೋಡಿ ಅರ್ಧ ಬೈಕು ನನ್ನದೇ ಆಯಿತು ಎಂದು ನಾನು ಹಿಗ್ಗಿಹೋದೆ. ಚಿನ್ನದ ಸರ ಕೊಡಿಸಿದ್ದರೂ ಅಷ್ಟು ಖುಷಿಯಾಗುತ್ತಿರಲಿಲ್ಲ.

ಆ ಹಿಗ್ಗು ಒಂದೇ ಭಾನುವಾರದಲ್ಲಿ ಇಳಿಯಿತು. ಮೊದಲ ಸಲ ಘಟ್ಟಕ್ಕೆ ಕರೆದುಕೊಂಡು ಹೋದರು. ನಾನು ಎಡಕ್ಕೆ ಎರಡೂ ಕಾಲು ಇಳಿಬಿಟ್ಟು, ಬಲಗೈ ಅವರ ಭುಜದ ಮೇಲೆ, ಎಡಗೈ ಹಿಂದಿನ ಕ್ಯಾರಿಯರ್ ಮೇಲೆ ಇಟ್ಟು ಕೂತಿದ್ದೆ. ಒಂದು ಕಡಿದಾದ ಬಲ ತಿರುವು ಬಂತು. ಬೈಕು ಬಲಕ್ಕೆ ವಾಲಿತು. ನನ್ನ ಮೈ ತಾನಾಗಿಯೇ ಎಡಕ್ಕೆ ಎಳೆದುಕೊಂಡಿತು. ತಿರುಗಬೇಕಾದ ಬೈಕು ತಿರುಗದೆ ನೆಟ್ಟಗೆ ಹೋಗಿ, ರಸ್ತೆಯ ಎಡ ಅಂಚಿನ ಚರಂಡಿಗೆ ಗೇಣಷ್ಟು ಉಳಿದಿರುವಾಗ ಹುಲ್ಲಿನ ಮೇಲೆ ನಿಂತಿತು. ಇಬ್ಬರಿಗೂ ಏನೂ ಆಗಲಿಲ್ಲ. ಅವರು ಎಂಜಿನ್ ಆಫ್ ಮಾಡಿ, ಇಳಿದು, ಚಕ್ರಕ್ಕೂ ಚರಂಡಿಗೂ ನಡುವೆ ಉಳಿದಿದ್ದ ಜಾಗವನ್ನು ಬಗ್ಗಿ ನೋಡಿದರು.

"ಯಾಕೆ ಆಚೆಗೆ ವಾಲ್ದೆ?" ಎಂದರು ಕೊನೆಗೆ.

"ಗಾಡಿ ಬೀಳ್ತಿತ್ತಲ್ಲ, ಹಿಡಿಬೇಡ್ವಾ?" ಎಂದೆ ನಾನು. ನಾನೇ ಗಾಡಿಯನ್ನು ಉಳಿಸಿದೆ ಎಂದು ಪ್ರಾಮಾಣಿಕವಾಗಿ ನಂಬಿದ್ದೆ.

ನಾನು ಯಗಟಿ ಕಡೆಯವಳು. ಅಲ್ಲಿ ಅಪ್ಪನಿಗೆ ಒಂದಿಷ್ಟು ಖುಷ್ಕಿ ಜಮೀನು, ಸ್ವಲ್ಪ ತೆಂಗು, ಒಂದು ಎತ್ತಿನ ಗಾಡಿ ಇತ್ತು. ಹೊಲದ ದಾರಿ ಸಮ ಇರಲಿಲ್ಲ. ಒಂದು ಚಕ್ರ ಬದುವಿನ ಮೇಲೆ ಹತ್ತಿ ಗಾಡಿ ಒಂದು ಪಕ್ಕಕ್ಕೆ ವಾಲಿದರೆ, ಕೂತವರೆಲ್ಲ ಎದುರು ಪಕ್ಕಕ್ಕೆ ಸರಿದು ಭಾರ ಕೊಡಬೇಕು. ಇಲ್ಲದಿದ್ದರೆ ರಾಗಿ, ಕಾಯಿ, ಮಕ್ಕಳು ಎಲ್ಲಾ ಒಟ್ಟಿಗೆ ಹಳ್ಳಕ್ಕೆ. "ವಾಲಿದ ಕಡೆಗೇ ವಾಲ್ಬ್ಯಾಡ್ರೋ, ಎದುರಿಗೆ ಬನ್ರೋ" ಎಂದು ಅಪ್ಪ ಮುಂದೆ ಕೂತು ಕೂಗುತ್ತಿದ್ದದ್ದು ನನ್ನ ಎಲುಬಿಗೆ ಇಳಿದಿತ್ತು. ಇದನ್ನೆಲ್ಲ ಯಜಮಾನರಿಗೆ ಹೇಳಿದೆ. ಅವರು ನಗಲಿಲ್ಲ.

"ಬೈಕು ಎತ್ತಿನ ಗಾಡಿ ಅಲ್ಲ ಕಣೇ. ಅದು ವಾಲಿದ್ರೇನೇ ತಿರುಗೋದು. ಅದರ ಜೊತೆಗೇ ವಾಲ್ಬೇಕು" ಎಂದರು. ಮುಂದಿನ ತಿರುವಿನಲ್ಲಿ ನಾನು ಮತ್ತೆ ಎದುರಿಗೇ ಹೋದೆ. ಕೆಳಗೆ ಲಿಂಗದಹಳ್ಳಿಗೆ ಬಂದ ಮೇಲೆ ನನ್ನನ್ನು ಬಸ್ಸು ಹತ್ತಿಸಿದರು. "ನೀನಿನ್ನು ಬಸ್ಸಲ್ಲೇ ಬಾ. ನಿನಗೇನಾದ್ರೂ ಆದ್ರೆ ನಾನು ಬದುಕಲ್ಲ" ಎಂದರು. ಎರಡನೆಯ ಮಾತು ಒಳ್ಳೆಯದೇ, ಆದರೆ ನನ್ನ ಕಿವಿಗೆ ಬಿದ್ದದ್ದು ಮೊದಲನೆಯದು ಮಾತ್ರ.

ಅಲ್ಲಿಂದ ಶುರುವಾಯಿತು ನನ್ನ ಬಸ್ಸಿನ ಕಾಲ. ಕಡೂರಿನಲ್ಲಿ ನಾಮಕರಣವಾಗಲಿ, ಅಮೃತಾಪುರದಲ್ಲಿ ಪೂಜೆಯಾಗಲಿ, ಅವರು ಬೈಕಿನಲ್ಲಿ ಮುಂದೆ, ನಾನು ಟ್ರಂಕು ಹಿಡಿದು ಬಸ್ಸಿನಲ್ಲಿ ಹಿಂದೆ. ಅವರು ಬಸ್‌ಸ್ಟ್ಯಾಂಡಿನಲ್ಲಿ ಕಾದು ನಿಂತಿರುತ್ತಿದ್ದರು. ನಾನು ಇಳಿದು ಮಾತಾಡದೆ ನಡೆದರೆ ಅವರು ಬೈಕು ತಳ್ಳಿಕೊಂಡು ಪಕ್ಕದಲ್ಲಿ ಬರುತ್ತಿದ್ದರು. ನೆಂಟರ ಮನೆಯ ಹೆಂಗಸರು "ಏನಮ್ಮಾ, ಜಗಳವಾ?" ಎಂದು ಪಿಸುಗುಟ್ಟುತ್ತಿದ್ದರು. ಜಗಳವಿರಲಿಲ್ಲ. ಆದರೆ ಅವರ ಬದುಕಿನ ಅತ್ಯಂತ ಖುಷಿಯ ಹೊತ್ತಿನಲ್ಲಿ ನನಗೆ ಜಾಗವಿಲ್ಲ ಎನ್ನುವುದು ನನ್ನನ್ನು ಒಳಗೇ ಸುಡುತ್ತಿತ್ತು. ಆ ಸೀಟು ನನಗೆ ವಾಪಸ್ ಬೇಕಿತ್ತು, ಬೇರೇನೂ ಬೇಕಿರಲಿಲ್ಲ.

ಎರಡೂ ಕಡೆ ಕಾಲು ಹಾಕಿ ಕೂರಬಹುದಿತ್ತಲ್ಲ ಎಂದು ಈಗಿನ ಹುಡುಗಿಯರು ಕೇಳುತ್ತಾರೆ. ಆಗಿನ ತರೀಕೆರೆಯಲ್ಲಿ ಹಾಗೆ ಕೂತಿದ್ದರೆ ಬೈಕನ್ನು ಬಿಟ್ಟು ಜನ ನನ್ನನ್ನೇ ನೋಡಲು ಬರುತ್ತಿದ್ದರು.

ಕೊನೆಗೆ ದಾರಿ ತೋರಿಸಿದವರು ನಮ್ಮತ್ತೆ. ಒಂದು ದಿನ ಮಗನಿಗೆ ಮುದ್ದೆ ಬಡಿಸುತ್ತಾ, "ಹೆಂಡ್ತಿನ ಬಸ್ಸಿಗೆ ಹಾಕಿ ನೀನು ಬುರ್ರಂತ ಹೋಗೋದು ನೋಡಿ ಊರು ನಗ್ತೈತೆ. ಕೂರಕ್ಕೆ ಬರಲ್ಲ ಅಂದ್ರೆ ಕಲ್ಸು. ಅದಕ್ಕೂ ನಾನೇ ಬರ್ಬೇಕಾ?" ಎಂದು ಗದರಿದರು. ಮರುದಿನದಿಂದ ನಮ್ಮ ಹಿತ್ತಲಲ್ಲಿ ಒಂದು ವಿಚಿತ್ರ ಸವಾರಿ ಶುರುವಾಯಿತು. ಬೈಕನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸುವುದು. ಅವರು ಮುಂದೆ, ನಾನು ಹಿಂದೆ. "ಎಡ" ಎಂದರೆ ಇಬ್ಬರೂ ಎಡಕ್ಕೆ ವಾಲುವುದು, "ಬಲ" ಎಂದರೆ ಬಲಕ್ಕೆ. ಅತ್ತೆ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ, "ಯಾವೂರಿಗೆ ಹೊಂಟ್ರಿ? ಊಟಕ್ಕೆ ಬತ್ತೀರೋ ಇಲ್ಲೋ?" ಎಂದು ಕೇಳುತ್ತಿದ್ದರು.

ಎಡ ಸುಲಭ. ಎಡಕ್ಕೆ ಮುಖ ಮಾಡಿ ಕೂತವಳಿಗೆ ಎಡಕ್ಕೆ ವಾಲುವುದೆಂದರೆ ಮುಂದಕ್ಕೆ ಬಗ್ಗುವುದು, ಕಾಲು ಅಲ್ಲೇ ಇರುತ್ತದೆ, ನೆಲ ಕಾಣುತ್ತದೆ. ಬಲಕ್ಕೆ ವಾಲುವುದೆಂದರೆ ಹಿಂದಕ್ಕೆ ಬೆನ್ನು ಚೆಲ್ಲುವುದು. ಹಿಂದೆ ಏನೂ ಇಲ್ಲ, ಏನೂ ಕಾಣುವುದಿಲ್ಲ. "ಬಲ" ಎಂದ ಕೂಡಲೇ ನನ್ನ ಸೊಂಟ ಮರದ ದಿಮ್ಮಿಯ ಹಾಗೆ ಸೆಟೆದುಕೊಳ್ಳುತ್ತಿತ್ತು. ತಿಂಗಳುಗಟ್ಟಲೆ ಆಡಿದ ಮೇಲೆ ನಿಂತ ಬೈಕಿನಲ್ಲಿ ಹೇಗೋ ಬಂತು. ಆದರೂ ಅವರು ಘಟ್ಟಕ್ಕೆ ಕರೆಯಲಿಲ್ಲ. "ನಿಂತ ಗಾಡಿ ಬೇರೆ, ಓಡೋ ಗಾಡಿ ಬೇರೆ" ಎನ್ನುತ್ತಿದ್ದರು. ನಾನು ರೇಗಿ ಎರಡು ದಿನ ಅವರ ಕಾಫಿಗೆ ಸಕ್ಕರೆ ಹಾಕಲಿಲ್ಲ.

ಎಂಬತ್ತರ ಆಚೀಚಿನ ಒಂದು ಬೇಸಿಗೆಯಲ್ಲಿ ಅಜ್ಜಂಪುರದ ಕಡೆಯ ಹುಡುಗರು ಬತ್ತಿದ ಕೆರೆಯ ಅಂಗಳದಲ್ಲಿ ಬೈಕ್ ರೇಸ್ ಇಟ್ಟರು. ಬಿರುಕು ಬಿಟ್ಟ ಮಣ್ಣಿನ ಮೇಲೆ ಎತ್ತು ಕಟ್ಟಿ ಕುಂಟೆ ಹೊಡೆದು ಸಮ ಮಾಡಿ, ಸುಣ್ಣದ ಪುಡಿಯಿಂದ ಗೆರೆ ಎಳೆದಿದ್ದರು. ಪ್ರತಿ ಬೈಕಿನಲ್ಲೂ ಇಬ್ಬರು ಇರಲೇಬೇಕು ಎನ್ನುವುದು ಅವರ ನಿಯಮ. ಒಬ್ಬನೇ ಇದ್ದರೆ ಹಿಂದಿನ ಚಕ್ರ ಜಾರುತ್ತದೆ ಎಂದು ಕೆಲವರು ಕಾರಣ ಹೇಳಿದರು. ಇಬ್ಬರಿದ್ದರೆ ನೋಡಲು ಮಜಾ ಎನ್ನುವುದೇ ನಿಜವಾದ ಕಾರಣವಿರಬೇಕು. ಯಜಮಾನರು ಅಂಗಡಿ ಪಕ್ಕದ ಟೈಲರನ್ನು ಹಿಂದೆ ಕೂರಿಸಿಕೊಂಡು ಹೋದರು. ನಾನು ಎಂದಿನಂತೆ ಬಸ್ಸಿನಲ್ಲಿ ಹೋದೆ. ಅಳಿಯನ ರೇಸ್ ನೋಡಲು ಯಗಟಿಯಿಂದ ಅಪ್ಪನೂ ಬಂದಿದ್ದರು.

ಶುರುವಾಗುವ ಮೊದಲೇ ಒಂದು ತಕರಾರು ಎದ್ದಿತು. ಕೆರೆಯ ನಡುವಿನ ದಿಬ್ಬದ ಮೇಲೆ ಗಂಗಮ್ಮನ ಕಲ್ಲು ಇತ್ತು. ಹುಡುಗರು ಅದನ್ನು ಎಡಕ್ಕೆ ಇಟ್ಟುಕೊಂಡು ಸುತ್ತುವುದೆಂದು ಗೆರೆ ಹಾಕಿದ್ದರು. ಕೆರೆಯ ತೂಬು ನೋಡಿಕೊಳ್ಳುವ ನೀರುಗಂಟಿ ಮುದುಕ ನಡುವೆ ಹೋಗಿ ನಿಂತುಬಿಟ್ಟ.

"ಅಮ್ಮನ್ನ ಅಪ್ರದಕ್ಷಿಣೆ ಸುತ್ತೀರೇನ್ರೋ? ಮಳೆ ಬರೋದು ಬ್ಯಾಡ್ವಾ ನಿಮಗೆ? ಬಲಕ್ಕೆ ಇಟ್ಕಂಡು ಸುತ್ತಿ. ಇಲ್ಲಾಂದ್ರೆ ನನ್ ಮೇಲೆ ಹತ್ತಿಸ್ಕಂಡು ಹೋಗಿ."

ಮುದುಕನ ಮೇಲೆ ಹತ್ತಿಸುವ ಧೈರ್ಯ ಯಾರಿಗೂ ಇರಲಿಲ್ಲ. ಪ್ರದಕ್ಷಿಣೆಯೇ ಸರಿ ಎಂದು ತೀರ್ಮಾನವಾಯಿತು. ಅಂದರೆ ಎಲ್ಲಾ ತಿರುವೂ ಬಲಕ್ಕೆ. ಅಭ್ಯಾಸಕ್ಕೆಂದು ಒಂದು ಸುತ್ತು ಹೋಗಿ ಬಂದ ಟೈಲರು ಧೂಳಿನೊಳಗಿಂದ ನಡುಗುತ್ತಾ ಇಳಿದ. "ಅಣ್ಣಾ, ನನ್ನ ಕೈ ನೋಡು. ನಾಳೆ ಕತ್ತರಿ ಹಿಡಿಯೋದು ಹೆಂಗೆ? ನಾನು ಒಲ್ಲೆ" ಎಂದವನೇ ಕೆರೆ ಏರಿಯ ಕಡೆ ನಡೆದ.

ಯಜಮಾನರು ಬೈಕಿನ ಮೇಲೆ ಒಬ್ಬರೇ ಉಳಿದರು. ಮುಖ ಸಣ್ಣದಾಗಿತ್ತು. ನಾನು ಸೆರಗು ಸೊಂಟಕ್ಕೆ ಬಿಗಿದುಕೊಂಡು ಹೋಗಿ ಪಕ್ಕದಲ್ಲಿ ನಿಂತೆ.

"ನಾನ್ ಕೂರ್ತೀನಿ."

"ಹುಚ್ಚಾ ನಿನಗೆ? ಎಲ್ಲಾ ಬಲ ತಿರುವು."

"ಗೊತ್ತು. ಹಿತ್ತಲಲ್ಲಿ ಕಲ್ಸಿದ್ದು ಯಾರು?"

ರೇಸಿನ ಹುಡುಗರು ಹೆಂಗಸರಿಗೆ ಇಲ್ಲ ಎಂದು ರಾಗ ತೆಗೆದರು. ನೀರುಗಂಟಿಯೇ ಅವರ ಬಾಯಿ ಮುಚ್ಚಿಸಿದ. "ಗಂಗಮ್ಮನ್ನ ಮುತ್ತೈದೆ ಸುತ್ತಿದ್ರೆ ತಪ್ಪೇನ್ರೋ? ನೀವು ಸುತ್ತೋದಕ್ಕಿಂತ ವಾಸಿ." ಜನ ಹೋ ಎಂದರು. ನಾನು ಕೂತೆ. ಅವರು ಒಮ್ಮೆ ತಿರುಗಿ ನೋಡಿ ಕಿಕ್ ಹೊಡೆದರು.

ಮೊದಲ ತಿರುವಿನಲ್ಲಿ ನನ್ನ ಮೈ ಹಳೆಯ ಚಾಳಿ ಬಿಡಲಿಲ್ಲ. ಬೈಕು ಅಗಲಕ್ಕೆ ಹೋಗಿ ಸುಣ್ಣದ ಗೆರೆ ದಾಟಿತು, ಎರಡು ಬೈಕು ನಮ್ಮನ್ನು ಹಿಂದೆ ಹಾಕಿದವು. ಅವರು ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಎಂಜಿನಿನ ಸದ್ದಿನ ನಡುವೆ ಅವರ ಭುಜ ನನ್ನ ಕೈ ಕೆಳಗೆ ಬಿಗಿಯಾದದ್ದು ಗೊತ್ತಾಯಿತು. ಇದೊಂದು ಸುತ್ತು ಹೀಗೆ ಮುಗಿದರೆ ನಾನು ಸಾಯುವ ತನಕ ಟ್ರಂಕು ಹಿಡಿದು ಬಸ್‌ಸ್ಟ್ಯಾಂಡಿನಲ್ಲೇ ಇಳಿಯಬೇಕು ಎಂದು ಸ್ಪಷ್ಟವಾಗಿ ಕಂಡಿತು. ನನ್ನ ಬೆನ್ನು ಗಂಗಮ್ಮನ ಕಡೆಗಿತ್ತು. ಬೆನ್ನು ಹಾಕಿ ಕೂತಿದ್ದೀನಿ ತಾಯೀ, ತಪ್ಪು ತಿಳೀಬೇಡ ಎಂದುಕೊಂಡೆ. ಎರಡನೆಯ ತಿರುವಿಗೆ ಅವರ ಭುಜ ಬಲಕ್ಕೆ ಇಳಿಯತೊಡಗಿದಾಗ ಕಣ್ಣು ತೆರೆದುಕೊಂಡೇ ಬೆನ್ನನ್ನು ಹಿಂದಕ್ಕೆ ಚೆಲ್ಲಿಬಿಟ್ಟೆ.

ನೆಲ ಹೋಯಿತು, ಜನ ಹೋದರು, ಆಕಾಶವೊಂದೇ ಉಳಿಯಿತು. ಬೀಳಲಿಲ್ಲ. ರಾಟೆಯ ಮೇಲೆ ಹಗ್ಗ ಹೋಗುವಷ್ಟು ನಯವಾಗಿ ಬೈಕು ಕಲ್ಲನ್ನು ಸುತ್ತಿ ಬಂತು. ಅವರ ಭುಜ ಸಡಿಲವಾಯಿತು. ಅವರು ನಗುತ್ತಿದ್ದರೆಂದು ಮುಖ ನೋಡದೆಯೂ ನನಗೆ ತಿಳಿಯಿತು. ಭಾನುವಾರಗಳಲ್ಲಿ ಅವರು ಘಟ್ಟದಿಂದ ತರುತ್ತಿದ್ದ ನಗು ಎಲ್ಲಿ ಹುಟ್ಟುತ್ತದೆಂದು ಆವತ್ತು ಗೊತ್ತಾಯಿತು. ಆಮೇಲೆ ಎಷ್ಟು ಸುತ್ತು ಹೊಡೆದೆವೋ, ನಾನು ಎಣಿಸಲಿಲ್ಲ. ಇನ್ನೂ ಸುತ್ತಲಿ ಎನ್ನುವುದೊಂದೇ ಆಸೆ. ನಾವು ಮೂರನೆಯವರಾಗಿ ಬಂದೆವು. ಒಟ್ಟು ಎಷ್ಟು ಬೈಕು ಓಡಿದವು ಎಂದು ಮಾತ್ರ ಕೇಳಬೇಡಿ.

ಏರಿಯ ಮೇಲೆ ಅಪ್ಪ ಸೊಂಟ ಹಿಡಿದುಕೊಂಡು ನಿಂತಿದ್ದರು. ಹೆದರಿ ಓಡಿಹೋದೆ.

"ಏನಾಯ್ತಪ್ಪಾ?"

"ಏನಿಲ್ಲ ಮಗಾ. ನೀನು ಅತ್ಲಾಗೆ ವಾಲಿದಾಗೆಲ್ಲ ನಾನು ಇಲ್ಲಿ ನಿಂತು ಇತ್ಲಾಗೆ ವಾಲಿ ವಾಲಿ ಸೊಂಟ ಹಿಡ್ಕಂಡೈತೆ. ಯಾರಾನ ಒಬ್ರು ಎದುರು ಭಾರ ಕೊಡ್ಬೇಕಲ್ಲ."

ನಾನು ನಗಲು ಹೋಗಿ ಅತ್ತುಬಿಟ್ಟೆ. ಅಪ್ಪ ಟವೆಲಿನಿಂದ ನನ್ನ ಮುಖದ ಧೂಳು ಒರೆಸಿದರು.

ಅಪ್ಪನಿಗೆ ಕಡೂರಿನ ಬಸ್ಸು ಹಿಡಿಯಬೇಕಿತ್ತು. "ಬನ್ನಿ ಮಾವ, ಬಸ್‌ಸ್ಟ್ಯಾಂಡಿಗೆ ಬಿಟ್ಟು ಬತ್ತೀನಿ" ಎಂದರು ಯಜಮಾನರು. ಅಪ್ಪ ಬೈಕು ಹತ್ತಿದ್ದು ಅದೇ ಮೊದಲು. ಏರಿಯಿಂದ ಇಳಿದು ಬಲಕ್ಕೆ ತಿರುಗುವಲ್ಲಿ ಅಪ್ಪ ಎತ್ತಿನ ಗಾಡಿಯ ಮೇಲಿದ್ದ ಹಾಗೆ ಪೂರ್ತಿ ಎಡಕ್ಕೆ ವಾಲಿಬಿಟ್ಟರು. ಆದರೆ ಯಜಮಾನರು ಬೈಕನ್ನು ನಿಧಾನ ಮಾಡಿ, ತಾವೊಬ್ಬರೇ ಇನ್ನಷ್ಟು ಬಲಕ್ಕೆ ಬಗ್ಗಿ, ಮಾವನಿಗೆ ಒಂದು ಮಾತೂ ಹೇಳದೆ ಆರಾಮವಾಗಿ ತಿರುಗಿಸಿಕೊಂಡು ಹೋದರು.

ಅವರು ವಾಪಸ್ ಬರುವ ಹೊತ್ತಿಗೆ ನನ್ನ ಕಣ್ಣೀರು ಆರಿ ಸಿಟ್ಟು ಏರಿತ್ತು.

"ಅಪ್ಪ ಎದುರಿಗೆ ವಾಲಿದ್ರೂ ಕರ್ಕೊಂಡು ಹೋದ್ರಲ್ಲ? ಹಂಗೇ ನನ್ನೂ ಕರ್ಕೊಂಡು ಹೋಗ್ಬೋದಿತ್ತಲ್ಲ? ಇಷ್ಟು ದಿನ ಬಸ್ಸಿಗೆ ಯಾಕೆ ಹಾಕಿದ್ರಿ?"

ಅವರು ಕಿಕ್ ಹೊಡೆಯಲು ಲಿವರನ್ನು ಕಾಲಿನಿಂದ ಹಿಂದಕ್ಕೆ ಮಡಚುತ್ತಾ ಹೇಳಿದರು:

"ನಿಮ್ಮಪ್ಪ ಬಸ್‌ಸ್ಟ್ಯಾಂಡಿನ ತನಕ ಕಣೇ. ಅಷ್ಟು ದೂರ ನಾನೊಬ್ನೇ ವಾಲ್ಬೋದು. ನೀನು ಕೊನೆ ತನಕ ಬರೋಳು. ಅಷ್ಟು ದೂರ ಒಬ್ನೇ ವಾಲೋಕಾಗ್ತದಾ?"

ನಾನು ಸೆರಗನ್ನು ಮತ್ತೆ ಸೊಂಟಕ್ಕೆ ಬಿಗಿದುಕೊಂಡೆ. ಟೈಲರು ಬಸ್ಸಿಗೆ ಹೋಗಿದ್ದ. ನನ್ನ ಬ್ಯಾಗನ್ನೂ ಅವನ ಕೈಗೇ ಕೊಟ್ಟು ಕಳಿಸಿದ್ದೆ. ನಾನು ಕೂತೆ, ಬಲಗೈ ಅವರ ಭುಜದ ಮೇಲಿಟ್ಟೆ. ಏರಿಯಿಂದ ಇಳಿದ ಕೂಡಲೇ ಅದೇ ಬಲ ತಿರುವು ಬಂತು, ನಾವಿಬ್ಬರೂ ಬಲಕ್ಕೆ ವಾಲಿದೆವು.