ಸೈಕಲ್ ಟ್ಯೂಬಿನ ಗಿಟಾರು

ನನಗೆ ಇಂಗ್ಲಿಷ್ ಹಾಡು ಅರ್ಥವಾಗುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೂ ಮೂವತ್ತೈದು ವರ್ಷಗಳಿಂದ ನಾನು ಒಬ್ಬ ವಿಲಾಯತಿ ಪಂಕ್ ರಾಕ್ ಗಿಟಾರು ವಾದಕನ ಅಭಿಮಾನಿ. ಶಹಾಪುರ ತಾಲೂಕಿನಲ್ಲಿ ಅವನಿಗಿರುವ ಅಭಿಮಾನಿ ನಾನೊಬ್ಬನೇ ಇರಬೇಕು. ಹಾಗಾಗಿ ಅಭಿಮಾನಿ ಸಂಘದ ಅಧ್ಯಕ್ಷನೂ ನಾನೇ, ಕಾರ್ಯದರ್ಶಿಯೂ ನಾನೇ. ನಮ್ಮಲ್ಲಿ ಕೋರಂ ಕೊರತೆಯಾದದ್ದಿಲ್ಲ, ಭಿನ್ನಮತವೂ ಎದ್ದಿಲ್ಲ.

ಕಾಲುವೆಗೆ ಹೊಸದಾಗಿ ನೀರು ಬಿಟ್ಟ ಕಾಲ ಅದು. ಕಾಲುವೆಯಲ್ಲಿ ನೀರು ಎಷ್ಟು ಅಡಿ ಇದೆ ಎಂದು ದಿನಕ್ಕೆರಡು ಸಲ ನೋಡಿ ಬರೆದಿಡುವ ನೌಕರಿ ನನ್ನದು. ಕ್ಯಾಂಪಿನ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕಕ್ಕಿದ್ದ ಮುಂಬಯಿಯ ತರುಣ ಇಂಜಿನಿಯರೊಬ್ಬರು ಕೆಲಸ ಮುಗಿಸಿ ಊರಿಗೆ ಹೋಗುವಾಗ ಕಿಟಕಿಯಲ್ಲಿ ಒಂದು ಕ್ಯಾಸೆಟ್ ಬಿಟ್ಟುಹೋದರು. ಅದರ ಹೊದಿಕೆಯ ಮೇಲೆ ಒಬ್ಬ ನರಪೇತಲ ಮನುಷ್ಯ, ಮುಳ್ಳುಹಂದಿಯಂತೆ ನಿಂತ ಕೂದಲು, ಮೊಣಕಾಲಿನ ತನಕ ಇಳಿಬಿಟ್ಟ ಗಿಟಾರು. ನಮ್ಮವ್ವ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದಳು. "ಅಂಗಿ ಹರದದಲ್ಲೋ, ಹೊಲಿದು ಕೊಡಾಕ ಮನ್ಯಾಗ ಯಾರೂ ಇಲ್ಲೇನು ಇವಗ?" ಎಂದು ಮರುಗಿದಳು.

ಆಗ ನಮ್ಮ ಟೇಪ್ ರೆಕಾರ್ಡರಿನ ಚಕ್ರ ತಿರುಗಿಸುವ ಬೆಲ್ಟು ಹರಿದಿತ್ತು. ಶಹಾಪುರ ಬಸ್‌ಸ್ಟ್ಯಾಂಡಿನ ಎದುರು ರೇಡಿಯೊ ರಿಪೇರಿ ಮಾಡುವ ಖಾಜಾಭಾಯಿ, ಅಸಲಿ ಬೆಲ್ಟು ಸಿಗದೆ, ಹಳೆಯ ಸೈಕಲ್ ಟ್ಯೂಬಿನಿಂದ ಸಣ್ಣ ಉಂಗುರ ಕತ್ತರಿಸಿ ಹಾಕಿಕೊಟ್ಟರು. "ನಿಮ್ಮ ಮಕ್ಕಳ ಕಾಲಕ್ಕೂ ಹರಿಯಂಗಿಲ್ರಿ ಇದು" ಎಂದರು. ಆ ಮಾತು ಅಕ್ಷರಶಃ ನಿಜವಾಯಿತು.

ಮನೆಗೆ ಬಂದು ಕ್ಯಾಸೆಟ್ ಹಾಕಿದೆ. ಹತ್ತಿ ತುಂಬಿದ ಗಾಡಿ ದಿಬ್ಬ ಏರುವ ಹಾಗೆ ಗಿಟಾರು ನಿಧಾನವಾಗಿ, ಭಾರವಾಗಿ ಬಂತು. ಅವನು ಒಂದೊಂದು ಸ್ವರವನ್ನೂ ಎಳೆದು, ನೋವೆಲ್ಲ ಹೇಳಿಕೊಂಡು, ಆಮೇಲೆ ಮುಂದಕ್ಕೆ ಹೋಗುತ್ತಿದ್ದ. ಹಾಡು ಮುಗಿಯುತ್ತಲೇ ಹಿಂದಕ್ಕೆ ಸುತ್ತಿ ಮತ್ತೆ ಹಾಕಿದೆ. ಅವ್ವ ಸೆರಗಿನಿಂದ ಕಣ್ಣೊರಸಿಕೊಂಡು, "ಯಾವ ತಾಯಿ ಮಗನೋ, ಕೈಯಾಗೇ ಅಳಾಕತ್ತಾನ" ಎಂದಳು. ಹೊಸದಾಗಿ ಮದುವೆಯಾಗಿ ಬಂದಿದ್ದ ಹೆಂಡತಿ ಶರಣಮ್ಮ ಮಾತ್ರ ಒಲೆಯ ಮುಂದಿನಿಂದಲೇ ಕೂಗಿದಳು: "ನಿಮ್ಮ ದೋಸ್ತಗ ಒಂದೀಟು ಸುಮ್ನಿರಾಕ ಹೇಳ್ರಿ, ಇಲ್ಲಿ ಬ್ಯಾಳಿನೇ ಬೇಯವಲ್ದು." ಅಂದಿನಿಂದ ಅವನ ಹೆಸರು ನಮ್ಮ ಮನೆಯಲ್ಲಿ ದೋಸ್ತ ಎಂದೇ ಆಯಿತು. ಬೇಳೆ ಬೇಯದ ದಿನಗಳ ತಪ್ಪೆಲ್ಲ ಅವನ ತಲೆಗೆ ಬಂತು.

ಅಭಿಮಾನಕ್ಕೆ ಶಾಸ್ತ್ರದ ಬೆಂಬಲ ಬೇಕಲ್ಲ. ಸುರಪುರದಲ್ಲಿ ಹಾರ್ಮೋನಿಯಂ ಬಲ್ಲ ಮಲ್ಲಯ್ಯ ಮಾಸ್ತರರಿದ್ದರು. ಟೇಪನ್ನು ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಹೋಗಿ ಅವರಿಗೆ ಕೇಳಿಸಿದೆ. ಅವರು ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಾಡಿಸಿ, "ಇದು ವಿಲಂಬಿತ್ ಲಯ ಅದರಿ. ಅವಸರ ಅನ್ನೋದು ಗೊತ್ತೇ ಇಲ್ಲ ಇವಗ. ಸಾಧನಾ ಭಾಳ ಮಾಡ್ಯಾನ" ಎಂದು ತೀರ್ಪು ಕೊಟ್ಟರು. ಪಂಕ್ ಎಂದರೆ ಸಿಟ್ಟು, ಗದ್ದಲ, ಧಡಬಡ ಎಂದು ಪತ್ರಿಕೆಯಲ್ಲಿ ಓದಿದಾಗಲೆಲ್ಲ ನಾನು ಬರೆದವರ ಅಜ್ಞಾನಕ್ಕೆ ನಗುತ್ತಿದ್ದೆ. ನೌಕರರ ಸಂಘದ ರಾಜ್ಯೋತ್ಸವ ಸಂಚಿಕೆಗೆ 'ಪಂಕ್: ಪಶ್ಚಿಮದ ಶಾಂತರಸ' ಎಂಬ ಲೇಖನವನ್ನೂ ಬರೆದೆ. ಯಾರೂ ಆಕ್ಷೇಪಿಸಲಿಲ್ಲ, ಏಕೆಂದರೆ ಯಾರೂ ಓದಲಿಲ್ಲ.

ಸೂಚನೆ ಸಿಗಲಿಲ್ಲವೆಂದು ಹೇಳಲಾರೆ. ಶರಣಮ್ಮ ಒಮ್ಮೆ ಗಾಯಕಿಯೊಬ್ಬರ ಭಜನೆಯ ಕ್ಯಾಸೆಟ್ ತಂದಳು. ಹಾಕಿದರೆ ಯಾರೋ ಮೀಸೆ ಹೊತ್ತ ಗಂಡಸು ಆಕಳಿಸುತ್ತ ಹಾಡಿದ ಹಾಗೆ ಬಂತು. "ಟೇಪಿಗೇ ಏನೋ ಆಗ್ಯಾದ್ರಿ" ಎಂದಳು ಅವಳು. "ಟೇಪಿಗೆ ಏನಾಗ್ಯಾದ? ದೋಸ್ತ ಬರಾಬರ್ ಬಾರಸಾಕತ್ತಾನಲ್ಲ! ನಿನ್ನ ಕ್ಯಾಸೆಟ್ಟೇ ಡುಪ್ಲಿಕೇಟು" ಎಂದೆ ನಾನು. ಭಕ್ತನ ತರ್ಕ ಎಂದರೆ ಹೀಗೆಯೇ ಇರುತ್ತದೆ.

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ, ಯಾದಗಿರಿಯಲ್ಲಿ ಶಿಕ್ಷಕಿಯಾಗಿರುವ ಮಗಳು ರೇಣು ಮನೆಗೆ ಬಂದವಳೇ ಮೊಬೈಲು ನನ್ನ ಮುಂದೆ ಹಿಡಿದಳು. ದೋಸ್ತ ಹೋಗಿಬಿಟ್ಟಿದ್ದ. ಹೆಚ್ಚುಕಡಿಮೆ ನನ್ನದೇ ವಯಸ್ಸು. ನಾನು ಎದ್ದು ಬಚ್ಚಲಿಗೆ ಹೋಗಿ ತಣ್ಣೀರು ಸುರಿದುಕೊಂಡೆ. "ಎರಡನೇ ಸಲ ಯಾಕ್ರಿ ಜಳಕ?" ಎಂದು ಕೇಳಿದ ಶರಣಮ್ಮ, ಕಾರಣ ತಿಳಿದು ನಗಲಿಲ್ಲ. ಟವೆಲು ತಂದುಕೊಟ್ಟಳು.

ನನ್ನ ದುಃಖ ನೋಡಲಾರದೆ ರೇಣು ಮೊಬೈಲಿನಲ್ಲಿ ಅದೇ ಹಾಡು ಹುಡುಕಿ ಹಚ್ಚಿದಳು. ತಗಡಿನ ಮೇಲೆ ಆಲಿಕಲ್ಲು ಬಿದ್ದ ಸದ್ದು. ನಾನು ಒದ್ದೆ ತಲೆ ಒರೆಸಿಕೊಂಡು ಕೂರುವುದರೊಳಗೆ ಹಾಡೇ ಮುಗಿದಿತ್ತು.

"ಇಂವ ಅವನಲ್ಲ" ಎಂದೆ.

"ಅಪ್ಪಾ, ಇದೇ ಖರೆ ಸ್ಪೀಡ. ನಮ್ಮ ಟೇಪೇ ಸಾವಕಾಶ ಓಡತದ."

ಕಾಲುವೆಯ ಚಾಕರಿ ಮಾಡಿದವನಿಗೆ ಇದು ತಿಳಿಯದ ವಿಷಯವಲ್ಲ. ಮೇಲೆ ಗೇಟಿನಲ್ಲಿ ಭೋರ್ಗರೆದು ಹೊರಡುವ ನೀರು ವಡಗೇರಾ ಕಡೆಯ ಕೊನೆಯ ಹೊಲ ಮುಟ್ಟುವಾಗ ಸಾಧುವಾಗಿ, ಸದ್ದಿಲ್ಲದೆ ಬರುತ್ತದೆ. ನೀರು ಅದೇ. ಆದರೆ ದೋಸ್ತ ಅವನೇ ಹೌದೇ? ಅವನ ಅವಸರವೇ ಗೊತ್ತಿಲ್ಲದೆ ಮೂವತ್ತೈದು ವರ್ಷ ಅವನನ್ನು ಪ್ರೀತಿಸಿದ ನಾನು ಎಂಥ ಅಭಿಮಾನಿ? ನಾನು ತಣ್ಣೀರು ಸುರಿದುಕೊಂಡದ್ದು ಯಾರ ಸಾವಿಗೆ? ಎರಡು ದಿನ ಊಟ ಸೇರಲಿಲ್ಲ.

ಮೂರನೆಯ ದಿನ ಟೇಪು ಎತ್ತಿಕೊಂಡು ಶಹಾಪುರಕ್ಕೆ ಹೋದೆ. ಖಾಜಾಭಾಯಿ ಈಗ ಮೊಬೈಲಿನ ಕವರು ಮಾರುತ್ತಾರೆ. ಟೇಪು ಬಿಚ್ಚಿದವರೇ ಹಿರಿಹಿರಿ ಹಿಗ್ಗಿ, "ನೋಡ್ರಿ, ನನ್ನ ಟ್ಯೂಬ್ ಇನ್ನೂ ಹರದಿಲ್ಲ!" ಎಂದರು. ಸಡಿಲವಾಗಿ ಚಕ್ರದ ಮೇಲೆ ಜಾರುತ್ತಿದ್ದರೂ ಹರಿದಿರಲಿಲ್ಲ, ನಿಜ. ಆಮೇಲೆ ಹಳೆಯ ಡಬ್ಬಿ ತಡಕಾಡಿ ಅಸಲಿ ಬೆಲ್ಟೊಂದನ್ನು ತೆಗೆದರು. "ಇದು ಹಾಕಿದ್ರ ಬರಾಬರ್ ಓಡತದ. ಹಾಕ್ಲೇನ್ರಿ?"

ಮನೆಯಲ್ಲಿ ಕೇಳಿ ಹೇಳುತ್ತೇನೆಂದೆ. ಬೆಲ್ಟನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದು, ದೋಸ್ತನ ಬದ್ಧ ವೈರಿಯಾದ ಶರಣಮ್ಮನ ಮುಂದೆಯೇ ಟೇಪನ್ನೂ ಬೆಲ್ಟನ್ನೂ ಇಟ್ಟೆ. ಬೇಗ ಹಾಡು ಮುಗಿಸುವ ಬೆಲ್ಟು ಅವಳಿಗೆ ಪ್ರಿಯವಾಗುವುದೆಂದು ನನಗೆ ಅನುಮಾನವೇ ಇರಲಿಲ್ಲ.

ಅವಳು ಬೆಲ್ಟನ್ನು ಮುಟ್ಟಲೂ ಇಲ್ಲ. "ಬ್ಯಾಡ್ರಿ. ಹೊರಗ ಹಂಗ ಓಡಿ ಓಡಿ ದಣದು ಹೋಗ್ಯಾನ. ನಮ್ಮ ಮನ್ಯಾಗರೆ ಕುಂತು ಸಾವಕಾಶ ಬಾರಸ್ಲಿ" ಎಂದಳು. ಆಮೇಲೆ ಕೈ ಒರೆಸಿಕೊಂಡು, ಈ ಮೂವತ್ತೈದು ವರ್ಷಗಳಲ್ಲಿ ಮೊದಲ ಸಲ, ತಾನೇ ಗುಂಡಿ ಒತ್ತಿದಳು.

ಮೊಬೈಲಿನಲ್ಲಿ ಎರಡು ನಿಮಿಷಕ್ಕೆ ಮುಗಿದುಹೋಗಿದ್ದ ಹಾಡು ನಮ್ಮ ಮನೆಯಲ್ಲಿ ಮೂರು ನಿಮಿಷದ ತನಕ ಬಂತು. ದೋಸ್ತನ ಆಯುಷ್ಯಕ್ಕೆ ಅಷ್ಟಾದರೂ ಸೇರಿಸಲು ಸಾಧ್ಯವಾದದ್ದು ಲೋಕದಲ್ಲಿ ಒಬ್ಬ ಖಾಜಾಭಾಯಿಗೆ ಮಾತ್ರ.